ಅವಲೋಕನೀಯತೆ: ಒಂದು ಪದದ ಅರ್ಥವಿಮರ್ಶೆ

ಗಣಕಶಾಸ್ತ್ರದಲ್ಲಿ ಈಚೆಗೆ 'ಅಬ್ಸರ್ವಬಿಲಿಟಿ' ಎಂಬ ಪದವು ಬಹಳ ಪ್ರಚಾರಕ್ಕೆ ಬಂದಿರುವುದು. ಇದನ್ನು ಅವಲೋಕನೀಯತೆ ಎಂದು ಕರೆಯಬಹುದು. 1960ರಲ್ಲಿ ರುಡಾಲ್ಫ್ ಕಾಲ್ಮನ್ ಎಂಬ ವಿದ್ವಾಂಸನು ಇದಕ್ಕೆ ನಿಷ್ಕೃಷ್ಟವಾದ ಲಕ್ಷಣವನ್ನು ಹೇಳಿದನು: ಹೊರಗೆ ತೋರುವ ಚಿಹ್ನೆಗಳಿಂದ ಒಳಸ್ಥಿತಿಯನ್ನು ನಿರ್ಣಯಿಸಲು ಸಾಧ್ಯವಾದ ವ್ಯವಸ್ಥೆಯೇ ಅವಲೋಕನೀಯವಾದುದು. ನೈಯಾಯಿಕರ ಪರಿಭಾಷೆಯಲ್ಲಿ ಇದು ಪ್ರತ್ಯಕ್ಷವಲ್ಲ, ಅನುಮಾನ. ಆ ಚಿಹ್ನೆಯೇ ಲಿಂಗ.

ಈಗಿನ ಬಳಕೆಯಲ್ಲಿ ಈ ಲಕ್ಷಣವು ಶಿಥಿಲವಾಗಿದೆ. ತಂತ್ರಾಂಶವು ಬರೆದಿಡುವ ಲಾಗ್ ಎಂಬ ದಿನಚರಿ, ಮೆಟ್ರಿಕ್ ಎಂಬ ಎಣಿಕೆ, ಒಂದು ಕೋರಿಕೆಯು ಹಲವು ಯಂತ್ರಗಳಲ್ಲಿ ಹಾದುಹೋದ ಟ್ರೇಸ್ ಎಂಬ ಜಾಡು, ಈ ಮೂರನ್ನೂ ಕೂಡಿಹಾಕಿದರೆ ಅವಲೋಕನೀಯತೆಯು ಸಿದ್ಧಿಸಿತೆಂದು ಅನೇಕರು ಭಾವಿಸುವರು. 2019ರಲ್ಲಿ ಎರಡು ಯೋಜನೆಗಳು ಒಂದುಗೂಡಿ ಹುಟ್ಟಿದ ಓಪನ್‌ಟೆಲಿಮೆಟ್ರಿಯು ಇವುಗಳಿಗೆ ಸಮಾನವಾದ ಕ್ರಮವನ್ನು ಒದಗಿಸಿದುದು ಸ್ತುತ್ಯವೇ ಸರಿ. ಆದರೆ ಲಿಪಿಯು ಒಂದಾದ ಮಾತ್ರಕ್ಕೆ ಅರ್ಥವು ತಾನಾಗಿ ತಿಳಿಯದಷ್ಟೆ.

ಇದಕ್ಕೆ ಸುರಪುರ, ಶಹಾಪುರ ಸೀಮೆಯ ನಾರಾಯಣಪುರ ಎಡದಂಡೆ ಕಾಲುವೆಯೇ ತಕ್ಕ ನಿದರ್ಶನ. ನವೀಕರಣಗೊಂಡ ಈ ಕಾಲುವೆಯು 2023ನೆಯ ಜನವರಿಯಲ್ಲಿ ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಲೋಕಾರ್ಪಣವಾಯಿತು. ಇದರ ಗೇಟುಗಳನ್ನು ದೂರದಿಂದಲೇ ನೋಡಿ ನಡೆಸುವುದಕ್ಕೆ ಸ್ಕಾಡಾ ಎಂಬ ವ್ಯವಸ್ಥೆಯುಂಟು. ಇಂತಹ ವ್ಯವಸ್ಥೆಗಳು ಗೇಟು ತೆರೆದ ಪ್ರಮಾಣವನ್ನೂ ನೀರಿನ ಮಟ್ಟವನ್ನೂ ಅಳೆದು, ಹರಿದ ನೀರೆಷ್ಟೆಂಬುದನ್ನು ಗಣಿತದಿಂದ ಊಹಿಸುತ್ತವೆ. ಗೇಟು ತೆರೆದಿದೆ, ಆದುದರಿಂದ ಇಷ್ಟು ನೀರು ಹರಿದಿದೆ ಎಂಬುದು ಅನುಮಾನದ ಸ್ವರೂಪ.

ಇಲ್ಲಿ ಉಪಾಧಿಯೊಂದು ಅಡಗಿದೆ. ಬೆಂಕಿಯಿದ್ದ ಮಾತ್ರಕ್ಕೆ ಹೊಗೆಯಿರಬೇಕೆಂಬ ನಿಯಮವಿಲ್ಲ. ಹಸಿಯ ಸೌದೆಯೂ ಇರಬೇಕು. ಅದರಂತೆ ಯಾವ ಕಾಲುವೆಯಲ್ಲಾದರೂ ಗೇಟಿನ ಕೆಳಗಡೆ ಹೂಳು, ಕಳೆ ತುಂಬಿ ನೀರು ಹಿಂದಕ್ಕೆ ಒತ್ತಿದರೆ, ಅಷ್ಟೇ ತೆರೆದ ಗೇಟಿನಿಂದ ಕಡಿಮೆ ನೀರು ಹರಿಯುವುದು. ಮೇಲ್ಗಡೆಯ ಮಟ್ಟವನ್ನು ಮಾತ್ರ ಸಾವಿರ ಸಲ ಅಳೆದರೂ ಈ ಭೇದವು ಗೋಚರಿಸದು. ಕೆಳಗಡೆಯ ಮಟ್ಟವನ್ನು ಒಂದು ಸಲ ಅಳೆದರೆ ಗೋಚರಿಸುವುದು. ಹೀಗೆ ಅಳತೆಗಳ ಸಂಖ್ಯೆಗಿಂತಲೂ ಅಳೆಯುವ ಸ್ಥಾನವು ಮುಖ್ಯವೆಂದಾಯಿತು.

ತಂತ್ರಾಂಶದಲ್ಲಿಯೂ ಇದೇ ನ್ಯಾಯವು ಸಲ್ಲುವುದು. ಯಂತ್ರವು ಉತ್ತರ ಕೊಟ್ಟಿತೆಂಬ ದಾಖಲೆಯಿಂದ ಕೇಳಿದವನಿಗೆ ಉತ್ತರವು ಮುಟ್ಟಿತೆಂದು ಸಿದ್ಧವಾಗುವುದಿಲ್ಲ. ಇದು ಬರಿಯ ಪದವಿಚಾರವಲ್ಲ. ಪರದೆಯ ಮೇಲೆ ನೀರು ಬಿಟ್ಟದ್ದು ಕಾಣುತ್ತಿರುವಾಗ, ಕಾಲುವೆಯ ಕೊನೆಯ ಹೊಲದ ರೈತನು ನೀರು ಬಂದಿಲ್ಲವೆಂದರೆ ಅವನ ಮಾತು ಸುಳ್ಳೆನಿಸಿಬಿಡುವ ಸಂಭವವುಂಟು. ಆದರೆ ಅವನ ಒಣಗಿದ ಹೊಲವೂ ಒಂದು ಲಿಂಗವೇ. ಅದನ್ನು ಎಣಿಕೆಗೆ ತೆಗೆದುಕೊಳ್ಳದ ವ್ಯವಸ್ಥೆಯು ಎಷ್ಟೇ ಅಂಕಿಗಳನ್ನು ಕೂಡಿಹಾಕಿದರೂ ಕಾಲ್ಮನ್ನನ ಲಕ್ಷಣದಂತೆ ಅವಲೋಕನೀಯವೆನಿಸದು.