ಗುಲಾಬಿ ಕಲ್ಲಿನ ತವರು

ಜಮಖಂಡಿ, ಬನಹಟ್ಟಿ ಕಡೆ ಹೊಸ ಮನೆ ಕಟ್ಟಿಸುವವರು ಅಡುಗೆಕಟ್ಟೆಗೋ ಮೆಟ್ಟಿಲಿಗೋ ಇಳಕಲ್ಲಿನ ಗುಲಾಬಿ ಗ್ರಾನೈಟ್ ತರಿಸುವುದುಂಟು. ಇಲ್ಲಿನ ನೆಲದಲ್ಲಿ ಅದು ಸುಲಭಕ್ಕೆ ಸಿಗದು. ಜಮಖಂಡಿ–ರಬಕವಿಯ ಎರೆಹೊಲಗಳ ಅಡಿಯಲ್ಲಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾ ಹರಿದು ಆದ ಕರಿಕಲ್ಲು. ಮುಧೋಳ, ಬೀಳಗಿಯತ್ತ ಸುಣ್ಣದಕಲ್ಲು, ಬೆಣಚುಗಲ್ಲಿನ ಪದರಗಳು. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ವಿವರಿಸಿದ ಕಲಾದಗಿ ಶಿಲೆಗಳು ಇವೇ. ಗ್ರಾನೈಟ್ ಮತ್ತು ನೈಸ್ ಇವೆಲ್ಲಕ್ಕೂ ಬುನಾದಿ.

ಆ ಬುನಾದಿ ಹುಟ್ಟಿದ್ದೆಲ್ಲಿ?

ಕಣ್ಣಿಗೆ ಗ್ರಾನೈಟುಗಳೆಲ್ಲ ಹೆಚ್ಚುಕಡಿಮೆ ಒಂದೇ: ಬೆಣಚು, ಫೆಲ್ಡ್‌ಸ್ಪಾರ್, ಚೂರು ಅಭ್ರಕ. ಸಿಲಿಕಾ ನೂರಕ್ಕೆ 70ರ ಆಸುಪಾಸು. ಗುಟ್ಟು ಬಿಡುವುದು ಹತ್ತು ಲಕ್ಷದಲ್ಲಿ ಇಷ್ಟು ಭಾಗವೆಂದು ಎಣಿಸಬೇಕಾದ ಅಲ್ಪಾಂಶ ಧಾತುಗಳು. ರುಬಿಡಿಯಂ ಪೊಟ್ಯಾಸಿಯಂನ ಬೆನ್ನುಬಿಡದು. ಕೆಸರಿನಿಂದಾದ ಹಳೆಯ ಶಿಲೆ ಕರಗಿದಲ್ಲಿ ಹೆಚ್ಚಾಗಿ ಸಿಗುತ್ತದೆ. ಇಟ್ರಿಯಂಅನ್ನು ಗಾರ್ನೆಟ್ ಹಿಡಿದಿಟ್ಟುಕೊಳ್ಳುತ್ತದೆ. ಆಳದಲ್ಲಿ ಗಾರ್ನೆಟ್ ಉಳಿದುಬಿಟ್ಟರೆ ಮೇಲೆದ್ದ ಶಿಲಾರಸದಲ್ಲಿ ಇಟ್ರಿಯಂ ಕಡಿಮೆ. ಒಂದು ಭೂಫಲಕ ಇನ್ನೊಂದರಡಿ ಜಾರುವೆಡೆ ಹುಟ್ಟಿದ ಗ್ರಾನೈಟಿನಲ್ಲಿ ನಯೋಬಿಯಂ ಕೊರತೆ ಎದ್ದು ಕಾಣುತ್ತದೆ.

1984ರಲ್ಲಿ ಜೂಲಿಯನ್ ಪಿಯರ್ಸ್, ನೈಜೆಲ್ ಹ್ಯಾರಿಸ್, ಆಂಡ್ರ್ಯೂ ಟಿಂಡ್ಲ್ ಹುಟ್ಟುನೆಲೆ ಗೊತ್ತಿದ್ದ ಗ್ರಾನೈಟುಗಳ 600ಕ್ಕೂ ಹೆಚ್ಚು ವಿಶ್ಲೇಷಣೆಗಳನ್ನು ಒಟ್ಟುಗೂಡಿಸಿ, ಈ ಧಾತುಗಳಿಂದ ನಕ್ಷೆ ಬರೆದರು. ಸಾಗರದ ಏಣು, ಜ್ವಾಲಾಮುಖಿ ಸಾಲು, ಭೂಖಂಡಗಳ ಡಿಕ್ಕಿ, ಫಲಕದ ಒಡಲು ಎಂದು ನಾಲ್ಕು ಮನೆ. ಅದರ ಸೊಗಸಿಗೆ ಮನಸೋಲದವರು ವಿರಳ. ಆದರೆ ಡಿಕ್ಕಿಯ ನಂತರ ಹುಟ್ಟಿದ ಗ್ರಾನೈಟುಗಳು ನಿರ್ದಿಷ್ಟ ಮನೆಗೆ ಕೂರುವುದಿಲ್ಲವೆಂದು ಅವರೇ ಎಚ್ಚರಿಸಿದ್ದರು. ಬೆಲ್ಲದ ರುಚಿಯಿಂದ ಕಬ್ಬು ಬೆಳೆದ ನೆಲ ತಿಳಿದೀತು, ಗಾಣ ಆಡಿದ ಊರು ತಿಳಿಯದು. ಅಲ್ಪಾಂಶ ಧಾತುಗಳೂ ಮೊದಲು ಹೇಳುವುದು ಕರಗಿದ ಮೂಲದ್ರವ್ಯವನ್ನು.

ಕರ್ನಾಟಕದ ಕ್ಲೋಸ್‌ಪೇಟೆ ಗ್ರಾನೈಟ್ ಇದಕ್ಕೆ ಒಳ್ಳೆಯ ಪರೀಕ್ಷೆ. ರಾಮನಗರದ ಹಳೆಯ ಹೆಸರು ಹೊತ್ತ, ಸುಮಾರು 250 ಕೋಟಿ ವರ್ಷದ ಈ ಶಿಲೆ ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರ್ ಚಾಚಿದೆ. ಇದರ ಕೆಲವು ಭಾಗಗಳಲ್ಲಿ ಬೇರಿಯಂ, ಸ್ಟ್ರಾಂಷಿಯಂಗಳ ಜೊತೆ ಮೆಗ್ನೀಸಿಯಂ ಕೂಡ ಹೇರಳ. ಬರಿಯ ಭೂಚಿಪ್ಪು ಕರಗಿದರೆ ಇವೆಲ್ಲ ಒಟ್ಟಿಗೆ ಬರುವುದು ಕಷ್ಟ. ಕೆಳಗಿನ ಮ್ಯಾಂಟಲ್‌ನಿಂದ ಎದ್ದ ಶಿಲಾರಸ ಚಿಪ್ಪನ್ನೂ ಕರಗಿಸಿ ಅದರೊಡನೆ ಬೆರೆಯಿತೆಂದು ಎಂ. ಜಯಾನಂದ, ಜಾನ್‌-ಫ್ರಾನ್ಸ್ವಾ ಮೊಯೆನ್ ಮತ್ತು ಸಂಗಡಿಗರು ತೋರಿಸಿದರು.

ಶಿಲಾರಸವನ್ನು ಎಬ್ಬಿಸಿದ್ದು ಯಾವುದು? 2000ದಲ್ಲಿ, ಪ್ರಿಕೇಂಬ್ರಿಯನ್ ರಿಸರ್ಚ್ ಪತ್ರಿಕೆಯ ಒಂದೇ ಸಂಪುಟದಲ್ಲಿ, ಎರಡು ಉತ್ತರಗಳು ಬಂದವು. ಜಯಾನಂದರ ತಂಡ ಆಳದಿಂದೆದ್ದ ಬಿಸಿಕಂಬದತ್ತ ಬೆರಳು ಮಾಡಿತು. ಚಾಡ್ವಿಕ್, ವಾಸುದೇವ್ ಮತ್ತು ಹೆಗಡೆ ಅವರು ಫಲಕಗಳು ಓರೆಯಾಗಿ ಒತ್ತಿದ್ದೇ ಕಾರಣವೆಂದರು. ಅವರ ಆಧಾರ ಬೆಟ್ಟಗುಡ್ಡಗಳಲ್ಲಿ ಅಳೆದ ಶಿಲಾರಚನೆ. ನಕ್ಷೆಯೊಂದನ್ನೇ ನಂಬಿ ತೀರ್ಪು ಕೊಡುವವರು ಈ ಎರಡೂ ಪ್ರಬಂಧಗಳನ್ನು ಓದಲೇಬೇಕು.

ಬೆರಕೆಯ ಸಾಕ್ಷ್ಯವನ್ನಂತೂ ಬರಿಗಣ್ಣಲ್ಲೇ ನೋಡಬಹುದು. ಕ್ಲೋಸ್‌ಪೇಟೆಯ ಬಂಡೆಗಳಲ್ಲಿ ಅಂಚು ದುಂಡಾದ ಕಪ್ಪು ತೇಪೆಗಳಿವೆ. ಅವುಗಳೊಳಗೆ ಅಲ್ಲಲ್ಲಿ, ಪಕ್ಕದ ಗ್ರಾನೈಟಿನಿಂದ ದಾಟಿಬಂದ ಗುಲಾಬಿ ಫೆಲ್ಡ್‌ಸ್ಪಾರ್ ಹರಳು. ಎರಡೂ ಇನ್ನೂ ಮೆತ್ತಗಿದ್ದಾಗ ಆದ ಕೂಡಿಕೆ ಅದು. ಗ್ರಾನೈಟ್ ಮಳಿಗೆಯಲ್ಲಿ ಅಂಥ ಕಪ್ಪು ಮಚ್ಚೆಯ ಹಲಗೆ ಕಂಡರೆ, ಕಲ್ಲಿನ ಆಸಕ್ತರು ಮೊದಲು ಕೈಯಿಡಬೇಕಾದ್ದು ಅದರ ಮೇಲೆ.