ತುಘಲಕ್ ನಿಜವಾಗಿ ಪ್ರಾರ್ಥಿಸಿದನೇ?

ಗಿರೀಶ ಕಾರ್ನಾಡರ 'ತುಘಲಕ್' ನಾಟಕದ ಆರನೆಯ ದೃಶ್ಯ. ಅರಮನೆಯಲ್ಲಿ ಅಮೀರರು ಸೇರಿದ್ದಾರೆ. ಪ್ರಾರ್ಥನೆಯ ಕರೆ ಕೇಳುತ್ತದೆ. ಪ್ರಾರ್ಥನೆಯ ಹೊತ್ತಿನಲ್ಲಿ ಯಾರೂ ಆಯುಧ ಇಟ್ಟುಕೊಳ್ಳಬಾರದು ಎಂಬುದು ಸುಲ್ತಾನನದೇ ಕಟ್ಟಳೆ. ಅವನನ್ನು ಕೊಲ್ಲಲು ಅಮೀರರು ಆರಿಸಿಕೊಂಡ ಗಳಿಗೆಯೂ ಅದೇ. ಎಲ್ಲರೂ ಮಂಡಿಯೂರುತ್ತಾರೆ. ನಡುವೆ ಅಮೀರರು ಬಚ್ಚಿಟ್ಟ ಕಠಾರಿ ಹಿರಿದು ಏಳುತ್ತಾರೆ. ಅಷ್ಟರಲ್ಲಿ ಪರದೆಯ ಹಿಂದಿನಿಂದ ಸೈನಿಕರು ನುಗ್ಗಿ ಅವರನ್ನು ಹಿಡಿಯುತ್ತಾರೆ. ಇಷ್ಟೆಲ್ಲ ನಡೆಯುವಾಗ ಮಹಮ್ಮದ್ ಮಾತ್ರ ಪ್ರಾರ್ಥನೆ ನಿಲ್ಲಿಸುವುದಿಲ್ಲ. ಅದನ್ನು ಮುಗಿಸಿಯೇ ಏಳುತ್ತಾನೆ. ಆಮೇಲೆ ತಾನು ನಂಬಿದ್ದ ಶಿಹಾಬುದ್ದೀನನನ್ನು ತನ್ನ ಕೈಯಾರೆ ಇರಿದು ಕೊಲ್ಲುತ್ತಾನೆ.

ಸಂಚಿನ ಸುದ್ದಿ ಅವನಿಗೆ ಮೊದಲೇ ಮುಟ್ಟಿತ್ತು. ಸೈನಿಕರನ್ನು ಪರದೆಯ ಹಿಂದೆ ನಿಲ್ಲಿಸಿಯೇ ಅವನು ದೇವರ ಮುಂದೆ ಮಂಡಿಯೂರಿದ್ದ. ಹಾಗಾದರೆ ಅವನು ಮಾಡಿದ್ದು ಪ್ರಾರ್ಥನೆಯೋ, ಒಡ್ಡಿದ ಬಲೆಯೋ?

ಈ ನಾಟಕವನ್ನು ಪಠ್ಯವಾಗಿ ಓದಿದವರಿಗೆ ಎರಡು ಸಿದ್ಧ ಉತ್ತರಗಳು ಗೊತ್ತು. ಒಂದು: ಅವನದು ಬರೀ ಸೋಗು, ಧರ್ಮ ಅವನ ರಾಜಕಾರಣದ ಸಾಧನ. ಇನ್ನೊಂದು: ಅವನು ನಿಜವಾದ ಆದರ್ಶವಾದಿ, ದೇವರಿಗಾಗಿ ಹಂಬಲಿಸಿದವನು, ಆದರೆ ರಾಜಕೀಯ ಅವನನ್ನು ಕೆಡಿಸಿತು. ಸಂಶೋಧನೆಗೆಂದು ಈ ನಾಟಕವನ್ನು ಮತ್ತೆ ಮತ್ತೆ ಓದುವಾಗ ನನಗೆ ಅನ್ನಿಸಿದ್ದು, ಎರಡು ಉತ್ತರಗಳೂ ನಿಂತಿರುವುದು ಒಂದೇ ನೆಲದ ಮೇಲೆ. ನಂಬಿಕೆ ನಿಜವಾಗಿದ್ದರೆ ಅದು ಮನುಷ್ಯನ ಕೈಯನ್ನು ತಡೆಯುತ್ತದೆ ಎಂದು ಎರಡೂ ಭಾವಿಸುತ್ತವೆ. ಕೈ ತಡೆಯಲಿಲ್ಲವಾದರೆ ನಂಬಿಕೆ ಸುಳ್ಳಾಗಿರಬೇಕು, ಇಲ್ಲವೇ ಬೇರೆ ಯಾವುದೋ ಅದನ್ನು ಸೋಲಿಸಿರಬೇಕು. ಹೇಗೆ ನೋಡಿದರೂ ನಂಬಿಕೆಗೆ ಮಾತ್ರ ಕಳಂಕವಿಲ್ಲ. ನಾಟಕ ಇಷ್ಟು ಸುಲಭವಾಗಿ ನಮ್ಮನ್ನು ಬಿಡುವುದಿಲ್ಲ ಎನ್ನುವುದು ನನ್ನ ವಾದ.

ಕಾರ್ನಾಡರು 1964ರಲ್ಲಿ ಈ ನಾಟಕ ಬರೆಯುವುದಕ್ಕೆ ಆರು ಶತಮಾನ ಮೊದಲೇ ಈ ಪ್ರಶ್ನೆ ಎದ್ದಿತ್ತು. ಮಹಮ್ಮದ್ ಬಿನ್ ತುಘಲಕ್‌ನ ಕಾಲದಲ್ಲಿ ಬದುಕಿದ್ದ ಮೂವರು ಮೂರು ಉತ್ತರ ಕೊಟ್ಟಿದ್ದಾರೆ. 1334ರಲ್ಲಿ ದೆಹಲಿಗೆ ಬಂದು ಕಾಜಿಯಾದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ, ದಾನದಲ್ಲೂ ರಕ್ತಪಾತದಲ್ಲೂ ಸುಲ್ತಾನನಿಗೆ ಸಮಾನರಿಲ್ಲ ಎಂದು ಬರೆಯುತ್ತಾನೆ. ನಮಾಜಿನ ವಿಷಯದಲ್ಲಿ ಸುಲ್ತಾನ ಬಹಳ ಕಟ್ಟುನಿಟ್ಟು, ಅದನ್ನು ತಪ್ಪಿಸಿದ್ದಕ್ಕಾಗಿ ಒಂದೇ ದಿನ 9 ಜನರನ್ನು ಕೊಲ್ಲಿಸಿದ, ಅವರಲ್ಲಿ ಒಬ್ಬ ಹಾಡುಗಾರ ಎಂದೂ ಹೇಳುತ್ತಾನೆ. ಭಕ್ತಿ, ಕ್ರೌರ್ಯ ಎರಡನ್ನೂ ಅವನು ಪಕ್ಕಪಕ್ಕದಲ್ಲೇ ಇಟ್ಟುಬಿಡುತ್ತಾನೆ. ಆಸ್ಥಾನದಲ್ಲಿ 17 ವರ್ಷ ಕಳೆದ ಇತಿಹಾಸಕಾರ ಜಿಯಾವುದ್ದೀನ್ ಬರನಿ ದೂರುವುದು ತರ್ಕಶಾಸ್ತ್ರವನ್ನು. ತತ್ತ್ವಜ್ಞಾನಿಗಳ ಸಹವಾಸದಿಂದ ಸುಲ್ತಾನನ ಮನಸ್ಸು ಕಲ್ಲಾಯಿತು ಎನ್ನುತ್ತಾನೆ. ಮೂರನೆಯವನು ಇಸಾಮಿ. ರಾಜಧಾನಿ ದೌಲತಾಬಾದಿಗೆ ಹೋದಾಗ ತೊಂಬತ್ತರ ಅಜ್ಜನೊಂದಿಗೆ ದೆಹಲಿ ಬಿಟ್ಟು ಹೊರಟು, ದಾರಿಯಲ್ಲೇ ಅಜ್ಜನನ್ನು ಕಳೆದುಕೊಂಡವನು. ಮುಂದೆ ನಮ್ಮ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಮೊದಲ ಬಹಮನಿ ಸುಲ್ತಾನನ ಆಶ್ರಯದಲ್ಲಿ ಅವನು 1350ರಲ್ಲಿ ತನ್ನ ಕಾವ್ಯವನ್ನು ಮುಗಿಸಿದ. ಅವನ ತೀರ್ಪಿನಲ್ಲಿ ತುಘಲಕ್ ಧರ್ಮಭ್ರಷ್ಟ, ಅವನ ಮೇಲೆ ದಂಗೆಯೇಳುವುದೇ ಧರ್ಮ.

ನಮ್ಮ ಇಂದಿನ ಸಿದ್ಧ ಉತ್ತರಗಳು ಬರನಿ ಮತ್ತು ಇಸಾಮಿಯವರಲ್ಲೇ ಇವೆ. ಸುಲ್ತಾನನ ನಂಬಿಕೆ ಕೆಟ್ಟಿತು ಎನ್ನುವವನು ಬರನಿ, ಅದು ಇರಲೇ ಇಲ್ಲ ಎನ್ನುವವನು ಇಸಾಮಿ. ಒಂಬತ್ತು ಜನರನ್ನು ಕೊಂದದ್ದು ನಮಾಜಿನ ಮೇಲಿನ ನಿಷ್ಠೆಯಿಂದಲೇ ಎಂದು ಯಾವ ತಕರಾರೂ ಇಲ್ಲದೆ ಬರೆದವನು ಇಬ್ನ್ ಬತೂತ. ಅವನಿಗೆ ತಕರಾರಿಲ್ಲದ ಆ ಜಾಗದಲ್ಲಿಯೇ ಕಾರ್ನಾಡರ ನಾಟಕ ತಕರಾರು ಎತ್ತುತ್ತದೆ.

ನಾಟಕದ ಮೊದಲ ದೃಶ್ಯವನ್ನು ಗಮನಿಸಿ. ಹಿಂದಿನ ಸುಲ್ತಾನರ ಕಾಲದಲ್ಲಿ ಪ್ರಾರ್ಥನೆ ಅವರವರ ಪಾಡಿಗೆ ಬಿಟ್ಟದ್ದಾಗಿತ್ತು. ಈಗ ಅದು ಕಾನೂನು. ದಿನಕ್ಕೆ ಐದು ಸಲ ಪ್ರಾರ್ಥಿಸದಿದ್ದರೆ ಅಧಿಕಾರಿಗಳು ಬೆನ್ನುಹತ್ತುತ್ತಾರೆ. ಜನಸಂದಣಿಯ ಯುವಕನೊಬ್ಬ ಇದನ್ನು ಹೆಮ್ಮೆಯಿಂದ ಹೇಳುತ್ತಾನೆ. ಆದರೆ ಪ್ರಾರ್ಥನೆ ಕಾನೂನಾದ ದಿನವೇ ಯಾರು ಭಕ್ತಿಯಿಂದ ಮಂಡಿಯೂರಿದ್ದಾರೆ, ಯಾರು ಭಯದಿಂದ ಮಂಡಿಯೂರಿದ್ದಾರೆ ಎಂದು ತಿಳಿಯುವ ದಾರಿ ಮುಚ್ಚಿಹೋಗುತ್ತದೆ. ಆರನೆಯ ದೃಶ್ಯದಲ್ಲಿ ಅಮೀರರ ಬಾಗಿದ ಬೆನ್ನಿನ ಕೆಳಗೆ ಕಠಾರಿ ಇದ್ದದ್ದು ಈ ಕಾನೂನಿನ ಫಲವೇ. ಸುಲ್ತಾನ ತನ್ನ ನಂಬಿಕೆಯನ್ನು ಇಡೀ ರಾಜ್ಯದ ಮೇಲೆ ಹೇರಿದ್ದು ಅದು ಸುಳ್ಳಾಗಿದ್ದರಿಂದಲ್ಲ. ತನಗೆ ನಿಜವಾದದ್ದು ಎಲ್ಲರಿಗೂ ನಿಜವಾಗಲೇಬೇಕು ಎಂದು ಅವನು ನಂಬಿದ್ದರಿಂದ.

ಈ ನಂಬಿಕೆಯೊಳಗೆ ಅವನಿಗೆ 'ಬೇಡ' ಎನ್ನುವ ಒಂದು ದನಿಯಾದರೂ ಇತ್ತೇ? ಇತ್ತು. ಶೇಖ್ ಇಮಾಮುದ್ದೀನ್ ಧರ್ಮದ ಹೆಸರಿನಲ್ಲೇ ಸುಲ್ತಾನನನ್ನು ಎದುರಿಸುತ್ತಾನೆ. ನೀನು ಇನ್ನೊಬ್ಬ ದೇವರಾಗಲು ಹೊರಟಿದ್ದೀ ಎಂದು ಎಚ್ಚರಿಸುತ್ತಾನೆ. ಸುಲ್ತಾನ ಅವನೊಂದಿಗೆ ವಾದಿಸುತ್ತಾನೆ, ಗೌರವಿಸುತ್ತಾನೆ, ಕೊನೆಗೆ ತನ್ನದೇ ಉಡುಪು ತೊಡಿಸಿ ಶಾಂತಿದೂತನನ್ನಾಗಿ ರಣರಂಗಕ್ಕೆ ಕಳಿಸಿ ಸಾಯಿಸುತ್ತಾನೆ. ಚರಿತ್ರೆಯಲ್ಲೂ ಇಂಥದೊಂದು ದನಿ ಇತ್ತು. ಇಬ್ನ್ ಬತೂತ ಹೇಳುವ ಶೇಖ್ ಶಿಹಾಬುದ್ದೀನ್, ನಾಟಕದ ಶಿಹಾಬುದ್ದೀನನಲ್ಲ, ಸುಲ್ತಾನನ ಚಾಕರಿ ಮಾಡಲು ಒಪ್ಪದೆ ಅವನನ್ನು 'ಜಾಲಿಮ್' ಎಂದು ಕರೆದ. ಸುಲ್ತಾನ ತನ್ನ ಕತ್ತಿಯನ್ನು ಮುಖ್ಯ ನ್ಯಾಯಾಧಿಕಾರಿಯ ಕೈಗಿತ್ತು, ನಾನು ಜಾಲಿಮ್ ಎಂದು ಸಾಬೀತಾದರೆ ನನ್ನ ತಲೆ ಕಡಿ ಎಂದನಂತೆ. ಸಾಕ್ಷಿ ಹೇಳಲು ಬರುವವನನ್ನೇ ಕೊಲ್ಲುತ್ತಾರೆ, ಆದರೆ ನೀನು ಏನೆಂಬುದು ನಿನಗೇ ಗೊತ್ತು ಎಂದು ಶೇಖ್ ಉತ್ತರ ಕೊಟ್ಟ. ಅವನನ್ನೂ ಹಿಂಸಿಸಿ ಕೊಂದರು.

ಕತ್ತಿ ಕೊಡುವ ಆ ಕ್ಷಣದಲ್ಲಿ ಸುಲ್ತಾನ ನಟಿಸುತ್ತಿದ್ದನೆಂದು ನನಗೆ ಅನ್ನಿಸುವುದಿಲ್ಲ. ನ್ಯಾಯಕ್ಕೆ ತಲೆ ಬಾಗಿಸಲು ಅವನು ನಿಜಕ್ಕೂ ಸಿದ್ಧನಿದ್ದಿರಬಹುದು. ಆದರೆ ಆ ನ್ಯಾಯವನ್ನು ಹೇಳಬಲ್ಲ ಬಾಯಿ ಅಲ್ಲಿ ಒಂದೇ ಇತ್ತು, ಅದನ್ನು ಅವನು ಉಳಿಸಲಿಲ್ಲ. ಹೀಗಾಗಿ ಅವನ ಮನಸ್ಸು ಶುದ್ಧವಿತ್ತೇ ಎಂದು ಕೇಳುತ್ತ ಕೂತರೆ ನಾವು ಅವನ ಮನಸ್ಸಿನೊಳಗೇ ಸಿಕ್ಕಿಬೀಳುತ್ತೇವೆ. ಆ ಭಕ್ತಿಗಾಗಿ ಅವನು ಏನನ್ನು ಬಿಟ್ಟುಕೊಟ್ಟ ಎಂದು ಕೇಳಿದರೆ ಉತ್ತರ ಹೊರಗಡೆಯೇ ಸಿಗುತ್ತದೆ.

ಹತ್ತನೆಯ ದೃಶ್ಯವನ್ನು ಈ ಪ್ರಶ್ನೆ ಹಿಡಿದು ಓದಬೇಕು. ತನ್ನ ಮಂತ್ರಿ ನಜೀಬನನ್ನು ಕೊಲ್ಲಿಸಿದ್ದು ತಾನೇ ಎಂದು ಮಲತಾಯಿ ಒಪ್ಪಿಕೊಳ್ಳುತ್ತಾಳೆ. ಅವಳನ್ನು ಕಲ್ಲು ಹೊಡೆದು ಕೊಲ್ಲಬೇಕೆಂದು ಮಹಮ್ಮದ್ ಆಜ್ಞೆ ಮಾಡುತ್ತಾನೆ. ಅವಳನ್ನು ಎಳೆದೊಯ್ದ ಮೇಲೆ ಒಬ್ಬನೇ ಉಳಿದು ಮಂಡಿಯೂರಿ ದೇವರ ಮುಂದೆ ಒಡೆದುಹೋಗುತ್ತಾನೆ. ಇಡೀ ನಾಟಕದಲ್ಲಿ ನೋಡುವವರು ಯಾರೂ ಇಲ್ಲದೆ ಅವನು ಪ್ರಾರ್ಥಿಸುವುದು ಇಲ್ಲಿ. ಸೋಗಿಗೆ ಕಾರಣವೇ ಇಲ್ಲ. ಈ ಪ್ರಾರ್ಥನೆ ಸುಳ್ಳು ಎಂದು ಯಾರೂ ಹೇಳಲಾರರು.

ಆದರೆ ಮಲತಾಯಿ ಇನ್ನೂ ಸತ್ತಿಲ್ಲ. ಆಜ್ಞೆಯನ್ನು ಹಿಂದಕ್ಕೆ ಪಡೆಯಲು ಒಂದು ಕೂಗು ಸಾಕಿತ್ತು. ಅವನು ದೇವರನ್ನು ಕೂಗುತ್ತಾನೆ, ಕಾವಲಿನವರನ್ನು ಕೂಗುವುದಿಲ್ಲ.

ಇಲ್ಲಿ ಷೇಕ್ಸ್‌ಪಿಯರನ ಕ್ಲಾಡಿಯಸ್ ನೆನಪಾಗುತ್ತಾನೆ. ಅಣ್ಣನನ್ನು ಕೊಂದು ಸಿಂಹಾಸನವನ್ನೂ ಅತ್ತಿಗೆಯನ್ನೂ ಪಡೆದವನು ಪ್ರಾರ್ಥನೆಗೆ ಕೂರುತ್ತಾನೆ. ಹಿಂದೆ ಬಂದು ನಿಂತ ಹ್ಯಾಮ್ಲೆಟ್ ಅದನ್ನು ನಿಜವಾದ ಪ್ರಾರ್ಥನೆಯೆಂದು ತಿಳಿದು ಹಿರಿದ ಕತ್ತಿಯನ್ನು ಒಳಗಿಡುತ್ತಾನೆ. ಆದರೆ ಕ್ಲಾಡಿಯಸ್‌ಗೆ ತನ್ನ ಲೆಕ್ಕ ಗೊತ್ತು. ಕೊಲೆಯಿಂದ ಬಂದದ್ದನ್ನೆಲ್ಲ ಕೈಯಲ್ಲೇ ಹಿಡಿದುಕೊಂಡು ಕ್ಷಮೆ ಕೇಳಲಾಗದು ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಅವನ ಪ್ರಾರ್ಥನೆ ಸೋಲುತ್ತದೆ, ಆದರೆ ಯಾಕೆ ಸೋತಿತೆಂದು ಅವನಿಗೆ ತಿಳಿದಿದೆ. ಮಹಮ್ಮದನಿಗೂ ಸೋಲಿನ ಅರಿವಿದೆ. ಬಾಯಿಪಾಠದ ಮಾತುಗಳಷ್ಟೇ ಬರುತ್ತವೆ, ಎದೆಯಲ್ಲಿ ಅವು ಮಾರ್ದನಿಸುವುದಿಲ್ಲ ಎಂದು ಬರನಿಯ ಮುಂದೆ ಹೇಳಿಕೊಳ್ಳುತ್ತಾನೆ. ಆದರೆ ಅದನ್ನು ಅವನು ದೇವರ ಮೌನವೆಂದೇ ತಿಳಿಯುತ್ತಾನೆ. ಮಲತಾಯಿಗೂ ಆ ಮೌನಕ್ಕೂ ನಂಟಿರಬಹುದೆಂದು ಅವನಿಗೆ ಹೊಳೆಯುವುದೇ ಇಲ್ಲ.

ನಡುವೆ ಅವನು ಪ್ರಾರ್ಥನೆಯನ್ನೇ ನಿಷೇಧಿಸಿದ್ದ. ಬರನಿಯ ಇತಿಹಾಸದಲ್ಲಿ ಇದರ ಬೇರು ಬೇರೆ ರೀತಿಯಲ್ಲಿದೆ: ಖಲೀಫನ ಮನ್ನಣೆಯಿಲ್ಲದ ತನ್ನ ಆಳ್ವಿಕೆ ಧರ್ಮಸಮ್ಮತವಲ್ಲವೆಂದು ಸುಲ್ತಾನ ಶುಕ್ರವಾರದ ಮತ್ತು ಈದಿನ ಪ್ರಾರ್ಥನೆಗಳನ್ನು ತಡೆಹಿಡಿದಿದ್ದ. ಅಲ್ಲಿ ಅದು ಅತಿಯಾದ ಧರ್ಮಭೀತಿ. ಕಾರ್ನಾಡರಲ್ಲಿ ಅದು ಕೊಲೆ ಸಂಚಿನ ಮೇಲಿನ ಸಿಟ್ಟು. ಎರಡರಲ್ಲೂ ನಡೆಯುವುದು ಒಂದೇ. ಸುಲ್ತಾನನ ಮನಸ್ಸಿಗೆ ಮುಳ್ಳು ಚುಚ್ಚಿದರೆ ಇಡೀ ಊರಿನ ಪ್ರಾರ್ಥನೆ ನಿಲ್ಲುತ್ತದೆ.

ಖಲೀಫನ ವಂಶದ ಘಿಯಾಸುದ್ದೀನ್ ಬರುವಾಗ ನಾಟಕದಲ್ಲಿ ಪ್ರಾರ್ಥನೆ ಮತ್ತೆ ಆರಂಭವಾಗುತ್ತದೆ. ಅಷ್ಟು ಹೊತ್ತಿಗೆ ಜನರಿಗೆ ಅನ್ನವಿಲ್ಲ. ಪ್ರಾರ್ಥನೆ ಯಾರಿಗೆ ಬೇಕು ಎಂದು ಅವರು ಕೇಳುತ್ತಾರೆ. ಸುಲ್ತಾನ ಎಲ್ಲರೆದುರು ಅತಿಥಿಯ ಕಾಲಿಗೆ ಬೀಳುತ್ತಾನೆ. ಅದು ನಿಜವಾದ ಘಿಯಾಸುದ್ದೀನನನ್ನು ಕೊಂದು ಅವನ ವೇಷ ತೊಟ್ಟ ಅಗಸ ಅಜೀಜನ ಕಾಲು. ಬೀಳುವವನ ಭಕ್ತಿ ನಿಜವಿರಬಹುದು. ನೋಡುತ್ತಿರುವ ಜನರ ಹಸಿವಿಗೆ ಅದರಿಂದ ಏನೂ ಆಗುವುದಿಲ್ಲ.

ಸೋಗಲಾಡಿ ಎಂದುಬಿಟ್ಟರೆ ಭಕ್ತರಿಗೆ ಸಮಾಧಾನ, ಧರ್ಮ ಬಚಾವಾಯಿತು. ಆದರ್ಶವಾದಿ ಎಂದರೆ ಸುಲ್ತಾನನಿಗೆ ಸಮಾಧಾನ, ಅವನ ಪಾಪ ಹಗುರಾಯಿತು. ಪ್ರಾರ್ಥಿಸುವ ಮನೆಯಲ್ಲೇ ಬೆಳೆದ ನನಗೆ ಮೊದಲನೆಯ ಉತ್ತರ ಹಿಡಿಸಬೇಕಿತ್ತು. ಹಿಡಿಸುವುದಿಲ್ಲ. ಅವನ ನಂಬಿಕೆ ನಿಜ ಎಂದೇ ನಾನು ಓದುತ್ತೇನೆ. ನಿಜವಾದ್ದರಿಂದಲೇ ಅದು ಅವನ ಪರವಾದ ಸಾಕ್ಷಿಯಲ್ಲ, ಆರೋಪಪಟ್ಟಿಯ ಒಂದು ಭಾಗ. ಇಮಾಮುದ್ದೀನನದೂ ಅದೇ ದೇವರು, ಅದೇ ಗ್ರಂಥ. ಅವನಿಗೆ ಅದು ಸುಲ್ತಾನನೆದುರು ನಿಂತು ಮಾತಾಡುವ ಎದೆಗಾರಿಕೆ ಕೊಟ್ಟಿತು. ಸುಲ್ತಾನನಿಗೆ ಅದು ಎಲ್ಲರ ಬಾಯಿ ಮುಚ್ಚಿಸುವ ಹಕ್ಕಾಯಿತು.

ನಾಟಕದ ಕೊನೆಯಲ್ಲಿ ಪ್ರಾರ್ಥನೆಯ ಕರೆ ಮತ್ತೆ ಕೇಳುತ್ತದೆ. ಸುಲ್ತಾನ ನಿದ್ದೆಹೋಗಿದ್ದಾನೆ. ಕರೆಯಲು ಬಂದ ಸೇವಕ ಎಬ್ಬಿಸದೆ ಹಿಂದಿರುಗುತ್ತಾನೆ. ಕರೆ ನಿಂತ ಮೇಲೆ ಅವನು ಕಣ್ಣು ತೆರೆದು, ತಾನೆಲ್ಲಿದ್ದೇನೆಂದು ತಿಳಿಯದವನಂತೆ ಸುತ್ತ ನೋಡುತ್ತಾನೆ. ಪ್ರಾರ್ಥಿಸದಿದ್ದರೆ ಶಿಕ್ಷೆ ಎಂದು ಕಾನೂನು ಮಾಡಿದವನನ್ನು ಪ್ರಾರ್ಥನೆಗೆ ಎಬ್ಬಿಸುವ ಧೈರ್ಯ ಈಗ ಆ ರಾಜ್ಯದಲ್ಲಿ ಯಾರಿಗೂ ಉಳಿದಿಲ್ಲ.