ಮಬ್ಬು ಕೋಣೆಯ ಗಿಡ

ಬೆಂಗಳೂರಿನ ಮೂವತ್ತು–ನಲವತ್ತರ ಸೈಟಿನ ಮನೆಗಳಲ್ಲಿ, ಅದರಲ್ಲೂ ನೆಲ ಅಂತಸ್ತಿನಲ್ಲಿ, ಬೆಳಕು ಬರುವ ದಾರಿಯೇ ಬೇರೆ. ಕಿಟಕಿ ತೆರೆದರೆ ಕೈಗೆಟಕುವಷ್ಟು ದೂರದಲ್ಲಿ ಪಕ್ಕದ ಮನೆಯ ಗೋಡೆ. ಬಿಸಿಲು ಮೇಲಿನ ಅಂತಸ್ತಿನಲ್ಲೇ ನಿಂತುಬಿಡುತ್ತದೆ; ಸಂದಿಯೊಳಗೆ ಇಳಿಯುವುದು ಗೋಡೆಯಿಂದ ಗೋಡೆಗೆ ತಾಕಿ ಸೋತ ಬೆಳಕು. ಪಕ್ಕದವರು ಬಿಳಿ ಬಣ್ಣ ಹೊಡೆಸಿದ್ದರೆ ಕೋಣೆ ಸ್ವಲ್ಪ ಗೆಲುವಾಗಿರುತ್ತದೆ, ಸಿಮೆಂಟ್ ಗಾರೆಯನ್ನು ಹಾಗೇ ಬಿಟ್ಟಿದ್ದರೆ ಮಧ್ಯಾಹ್ನವೇ ಲೈಟ್ ಹಾಕಬೇಕು. ಇಂಥ ಕೋಣೆಗೆ ಗಿಡವೇ ಬೇಡ ಎಂದು ಕೈಚೆಲ್ಲಿದವರೂ, ತಂದ ಗಿಡಗಳನ್ನೆಲ್ಲ ಒಂದೊಂದಾಗಿ ಕಸದ ಗಾಡಿಗೆ ಹಾಕಿದವರೂ ನನಗೆ ಸಾಕಷ್ಟು ಪರಿಚಯ. ಇಬ್ಬರಿಗೂ ನಾನು ಹೇಳುವುದು ಒಂದೇ: ಗಿಡದ ಮಾತು ಆಮೇಲೆ, ಮೊದಲು ಬೆಳಕನ್ನು ಅಳೆಯಿರಿ, ಆ ಬೆಳಕಿಗೆ ತಕ್ಕಷ್ಟೇ ನೀರು ಹಾಕಿ.

ಅಳೆಯಲೇಬೇಕು, ಏಕೆಂದರೆ ಈ ವಿಷಯದಲ್ಲಿ ನಮ್ಮ ಕಣ್ಣನ್ನು ನಂಬುವಂತಿಲ್ಲ. ಅದು ಮಬ್ಬಿಗೆ ಬಲು ಬೇಗ ಒಗ್ಗಿಕೊಳ್ಳುತ್ತದೆ. ಬಯಲಿನ ನಡುಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್. ಚೆನ್ನಾಗಿ ದೀಪ ಹಾಕಿದ ಆಫೀಸಿನ ಮೇಜಿನ ಮೇಲೆ 300ರಿಂದ 500. ನಾವು ಆರಾಮಾಗಿ ಪೇಪರ್ ಓದುವ ಸೋಫಾದ ಮೂಲೆ 100 ಲಕ್ಸ್ ಕೂಡ ಮುಟ್ಟದೆ ಇರಬಹುದು. ಕಣ್ಣಿಗೆ ಮೇಜು, ಸೋಫಾ ಎರಡೂ ‘ಪರವಾಗಿಲ್ಲ, ಬೆಳಕಿದೆ’ ಅನ್ನಿಸುತ್ತವೆ. ಎಲೆಗೆ ಮೊದಲನೆಯದು ಬದುಕು, ಎರಡನೆಯದು ನಿಧಾನದ ಉಪವಾಸ. ಲಕ್ಸ್ ಅಳೆಯುವ ಆ್ಯಪ್‌ಗಳು ಮೊಬೈಲಿನಲ್ಲಿ ಪುಕ್ಕಟೆ ಸಿಗುತ್ತವೆ. ತೀರ ನಿಖರವಲ್ಲ, ಆದರೆ ಕಿಟಕಿಯ ಪಕ್ಕಕ್ಕೂ ಎಂಟಡಿ ಒಳಗಿನ ಕಪಾಟಿಗೂ ಇರುವ ವ್ಯತ್ಯಾಸ ತೋರಿಸಲು ಅಷ್ಟು ಸಾಕು. ಆ್ಯಪ್ ಬೇಡವೆಂದರೆ, ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಗಿಡ ಇಡಬೇಕೆಂದಿರುವ ಜಾಗದಲ್ಲಿ ಬಿಳಿ ಹಾಳೆ ಹಾಸಿ, ಅದರ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ಬೆರಳುಗಳ ಅಂಚು ಮಸುಕಾದರೂ ಕೈ ಆಕಾರದ ನೆರಳು ಕಂಡರೆ ಈ ಅಂಕಣದಲ್ಲಿ ಹೇಳುವ ಗಿಡಗಳು ಬದುಕುತ್ತವೆ. ನೆರಳೇ ಬೀಳದಿದ್ದರೆ ಅಲ್ಲಿಗೆ ದೀಪ ಬೇಕು. ಅದನ್ನು ಕೊನೆಗೆ ಹೇಳುತ್ತೇನೆ.

ಇಂಗ್ಲೆಂಡ್, ಅಮೆರಿಕದ ಪುಸ್ತಕಗಳನ್ನು ಓದಿ ಗಿಡ ಸಾಕುವವರಿಗೆ ಇನ್ನೊಂದು ಮಾತು. ಉತ್ತರದ ಕಿಟಕಿಗೆ ಬಿಸಿಲೇ ಬರುವುದಿಲ್ಲ ಎಂದು ಅವು ಹೇಳುತ್ತವೆ. ಅಲ್ಲಿಯವರ ಮಟ್ಟಿಗೆ ಅದು ಬಹುಮಟ್ಟಿಗೆ ಸರಿ. ನಾವಿರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಆಸುಪಾಸಿನ ಶೂನ್ಯ ನೆರಳಿನ ದಿನದಿಂದ ಆಗಸ್ಟ್ 18ರ ಆಸುಪಾಸಿನ ಇನ್ನೊಂದು ಶೂನ್ಯ ನೆರಳಿನ ದಿನದವರೆಗೆ ಬೆಂಗಳೂರಿನ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಕಿಟಕಿ ಮೇಲಿನ ಸಜ್ಜಾ ನಡುಮಧ್ಯಾಹ್ನದ ಬಿಸಿಲನ್ನು ತಡೆದರೂ, ಎದುರಿಗೆ ಮರೆಯಿಲ್ಲದ ಉತ್ತರದ ಕಿಟಕಿಗೆ ಮೇ ತಿಂಗಳ ಬೆಳಗು–ಸಂಜೆ ಓರೆ ಬಿಸಿಲು ಬಂದೇ ಬರುತ್ತದೆ. ಡಿಸೆಂಬರಿನಲ್ಲಿ ಅದೇ ಕಿಟಕಿ ಮಂಕಾಗಿ, ದಕ್ಷಿಣದ ಕಿಟಕಿಯಿಂದ ಬಿಸಿಲು ನೆಲದ ಮೇಲೆ ದೂರ ಚಾಚುತ್ತದೆ. ಹಾಗಾಗಿ ನಮ್ಮಲ್ಲಿ ಒಂದು ಜಾಗವನ್ನು ವರ್ಷಕ್ಕೆ ಎರಡು ಸಲವಾದರೂ ಅಳೆಯಬೇಕು.

ಗಿಡದ ಬದುಕನ್ನು ಸಂಸಾರದ ಜಮಾ–ಖರ್ಚಿನಂತೆ ನೋಡಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಹಗಲು ಬೆಳಕಿನಲ್ಲಿ ಎಲೆ ಸಕ್ಕರೆ ತಯಾರಿಸುತ್ತದೆ, ಅದು ಜಮೆ. ಹಗಲೂ ರಾತ್ರಿಯೂ ಉಸಿರಾಡುತ್ತ ಆ ಸಕ್ಕರೆಯನ್ನು ಸುಡುತ್ತದೆ, ಅದು ಖರ್ಚು. ಎರಡೂ ಸಮವಾಗುವಷ್ಟು ಬೆಳಕಿದ್ದರೆ ಗಿಡ ಇದ್ದ ಹಾಗೇ ಇರುತ್ತದೆ. ಅದಕ್ಕಿಂತ ಕಡಿಮೆಯಾದರೆ ಕೂಡಿಟ್ಟದ್ದನ್ನು ಕರಗಿಸುತ್ತ, ಹಳೆಯ ಎಲೆಗಳನ್ನು ಒಂದೊಂದಾಗಿ ಬಿಡುತ್ತದೆ. ಜಮೆ ಕಡಿಮೆಯಿರುವ ಗಿಡ ನೀರನ್ನೂ ಕಡಿಮೆಯೇ ಹೀರುತ್ತದೆ. ನಾವು ಮಾತ್ರ ವರಾಂಡದ ಗಿಡಕ್ಕೆ ಹಾಕಿದ ಹಾಗೇ ಒಳಗಿನದಕ್ಕೂ ದಿನಾ ಒಂದು ಚೊಂಬು ಸುರಿಯುತ್ತೇವೆ. ಮಣ್ಣಿನ ಸಂದುಗಳಲ್ಲಿ ಗಾಳಿಯ ಬದಲು ನೀರೇ ನಿಂತು, ಬೇರಿಗೆ ಆಮ್ಲಜನಕ ಸಿಗದೆ ಕೊಳೆಯತೊಡಗುತ್ತದೆ. ಬೇರು ಕೊಳೆತ ಗಿಡ ನೀರೆತ್ತಲಾರದೆ ಬಾಡುತ್ತದೆ. ಬಾಡಿದ್ದು ಕಂಡು ಮತ್ತೆ ನೀರು ಹಾಕುತ್ತೇವೆ. ಮಬ್ಬು ಕೋಣೆಯಲ್ಲಿ ಸಾಯುವ ಗಿಡಗಳಲ್ಲಿ ಹೆಚ್ಚಿನವು ಕತ್ತಲೆಗೆ ಸತ್ತವಲ್ಲ, ನೀರಿಗೆ ಸತ್ತವು.

ಇನ್ನು ಆಯ್ಕೆ. ಯಾವ ಗಿಡ ತನ್ನ ಊರಿನಲ್ಲೇ ನೆರಳಿನಲ್ಲಿ ಬೆಳೆಯುತ್ತದೋ ಅದನ್ನು ತನ್ನಿ. ಆಗುಂಬೆಯಂಥ ಮಳೆಕಾಡಿನ ನೆಲಕ್ಕೆ ತಲುಪುವುದು ಮೇಲಿನ ಬೆಳಕಿನ ನೂರರಲ್ಲಿ ಒಂದೆರಡು ಪಾಲು. ಅಲ್ಲಿ ಬಾಳುವ ಗಿಡಗಳ ಎಲೆ ಅಗಲ, ತೆಳು, ಪತ್ರಹರಿತ್ತಿನಿಂದ ಕಡುಹಸಿರು. ನಮ್ಮ ಒಳಾಂಗಣ ಗಿಡಗಳಲ್ಲಿ ಎಷ್ಟೋ ಕೆಸುವಿನ ಕುಟುಂಬದವು, ಹೆಚ್ಚಿನವು ಇಂಥ ಕಾಡುಗಳಿಂದ ಬಂದವು: ಮನಿ ಪ್ಲಾಂಟ್, ಅಗ್ಲೋನಿಮಾ, ಪೀಸ್ ಲಿಲಿ, ಫಿಲೊಡೆಂಡ್ರಾನ್, ಝೀಝೀ ಗಿಡ. ಪತ್ರೊಡೆಗೆ ಮರಕೆಸು ಕೊಯ್ದು ಕೈ ತುರಿಸಿಕೊಂಡವರಿಗೆ ಈ ಕುಟುಂಬದ ಗುಣ ಗೊತ್ತು. ಎಲೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಅಂಬೆಗಾಲಿಡುವ ಮಗು ಅಥವಾ ಎಲೆ ಕಡಿಯುವ ಬೆಕ್ಕು ಇರುವ ಮನೆಯಲ್ಲಿ ಇವನ್ನು ಎತ್ತರದಲ್ಲೇ ಇಡಿ; ಜಗಿದರೆ ಬಾಯಿ, ಗಂಟಲು ಉರಿದು ಊದಿಕೊಳ್ಳುತ್ತವೆ.

ಒಂದೇ ಗಿಡ ಹೇಳಿ ಎಂದರೆ ನಾನು ಹೇಳುವುದು ಝೀಝೀಯನ್ನು. ಪೂರ್ವ ಆಫ್ರಿಕಾದ ಕೀನ್ಯಾದಿಂದ ದಕ್ಷಿಣ ಆಫ್ರಿಕಾದವರೆಗಿನ ನಾಡು ಅದರ ತವರು. ಡಚ್ ನರ್ಸರಿಗಳು 1990ರ ದಶಕದ ಮಧ್ಯದಲ್ಲಿ ದೊಡ್ಡ ಪ್ರಮಾಣದಲ್ಲಿ ಬೆಳೆಸತೊಡಗಿದ ಮೇಲೆ ಲೋಕಕ್ಕೆಲ್ಲ ಪರಿಚಯವಾಯಿತು. ಕುಂಡದಿಂದ ಒಮ್ಮೆ ಬಿಡಿಸಿ ನೋಡಿ. ಮೇಲೆ ನಾವು ಕಾಂಡ ಅಂದುಕೊಂಡದ್ದು ಕಾಂಡವೇ ಅಲ್ಲ; ಅದು ಒಂದು ಇಡೀ ಎಲೆಯ ದಂಟು, ಅದರ ಎರಡೂ ಬದಿಗೆ ಸಾಲಾಗಿರುವವು ಕಿರುಎಲೆಗಳು. ನಿಜವಾದ ಕಾಂಡ ಮಣ್ಣಿನಡಿಯಲ್ಲಿ, ಆಲೂಗಡ್ಡೆ ಗಾತ್ರದ ನಸುಕಂದು ಗಡ್ಡೆಯಾಗಿ ನೀರು ತುಂಬಿಕೊಂಡು ಕೂತಿರುತ್ತದೆ. ಹೊಸ ಎಲೆ ಮೊದಲು ಚೂಪು ಮೊಳಕೆಯಾಗಿ ಎದ್ದು, ಬಿಗಿಯಾಗಿ ಸುತ್ತಿಕೊಂಡಿದ್ದ ಕಿರುಎಲೆಗಳನ್ನು ಎಳೆಹಸಿರಿನಲ್ಲಿ ಬಿಡಿಸುತ್ತದೆ. ಬಣ್ಣ ಗಾಢವಾಗಲು ವಾರಗಳು ಬೇಕು. ಮಬ್ಬಿನಲ್ಲಿ ವರ್ಷಕ್ಕೆ ಎರಡು–ಮೂರು ಎಲೆ ಬಂದರೂ ಅದು ಸುಖವಾಗಿದೆ ಎಂದೇ ಲೆಕ್ಕ. ಮೂರು–ನಾಲ್ಕು ವಾರಕ್ಕೊಮ್ಮೆ ನೀರು ಸಾಕು. ಕಿರುಎಲೆಯೊಂದನ್ನು ಕಿತ್ತು ಮಣ್ಣಿಗೆ ಸಿಕ್ಕಿಸಿದರೂ ತಿಂಗಳುಗಳ ನಂತರ ಅದರ ಬುಡದಲ್ಲಿ ಪುಟ್ಟ ಗಡ್ಡೆ ಕಟ್ಟುತ್ತದೆ. ಈ ತಾಳ್ಮೆ ನನಗೆ ಬಹಳ ಇಷ್ಟ.

ಅಗ್ಲೋನಿಮಾ ಕೊಳ್ಳುವಾಗ ಬಣ್ಣಕ್ಕೆ ಮರುಳಾಗಬೇಡಿ. ಹಸಿರಿನ ಮೇಲೆ ಬೂದುಬಿಳುಪಿನ ಚಿತ್ತಾರವಿರುವ ಹಳೆಯ ತಳಿಗಳು ನಿಜವಾಗಿಯೂ ನೆರಳು ಸಹಿಸುತ್ತವೆ. ಇಂದು ನರ್ಸರಿಗಳ ಮುಂಭಾಗದಲ್ಲೇ ಇಡುವ ಕೆಂಪು, ಗುಲಾಬಿ ಅಗ್ಲೋನಿಮಾಗಳ ಕಥೆ ಬೇರೆ. ಇಂಡೊನೇಷ್ಯಾದ ತಳಿತಜ್ಞ ಗ್ರೆಗೊರಿ ಹಂಬಾಲಿ ಸುಮಾತ್ರಾದ ಕೆಂಪುಛಾಯೆಯ ಕಾಡುಜಾತಿಯನ್ನು ಬೆರಸಿ ‘ಪ್ರೈಡ್ ಆಫ್ ಸುಮಾತ್ರಾ’ ಎಂಬ ತಳಿ ಸೃಷ್ಟಿಸಿದ ಮೇಲೆ ಆ ಬಣ್ಣಗಳ ದಾರಿ ತೆರೆಯಿತು. ಚೆಲುವಾದ ಗಿಡಗಳೇ, ಆದರೆ ಎಲೆಯಲ್ಲಿ ಹಸಿರು ಕಡಿಮೆಯಾದಷ್ಟೂ ಅಡುಗೆ ಮಾಡುವ ಜಾಗ ಕಡಿಮೆ. ಅವಕ್ಕೆ ಕಿಟಕಿಯ ಪಕ್ಕವೇ ಬೇಕು. ಬಿಳಿ ಪಟ್ಟೆಯ ಮನಿ ಪ್ಲಾಂಟಿಗೂ ಇದೇ ಮಾತು: ಕತ್ತಲೆಯಲ್ಲಿಟ್ಟರೆ ಹೊಸ ಎಲೆಗಳಲ್ಲಿ ಬಿಳಿ ಮಾಯವಾಗುತ್ತ ಹೋಗುತ್ತದೆ. ಮಬ್ಬು ಕೋಣೆಗೆ ಅಚ್ಚಹಸಿರೇ ಶ್ರೇಷ್ಠ. ಒಳ್ಳೆಯ ಕಡುಹಸಿರು ಎಲೆಯ ಹೊಳಪು, ನರಗಳ ಗೆರೆ, ಮಡಿಕೆ ಇವನ್ನು ನೋಡುವ ರುಚಿ ಹತ್ತಿದವರಿಗೆ ಬಣ್ಣ ಬೇಕೇ ಬೇಕು ಅನ್ನಿಸುವುದಿಲ್ಲ.

ಸ್ನೇಕ್ ಪ್ಲಾಂಟ್ ಬಿಸಿಲಿನ ಗಿಡ, ನೆರಳನ್ನು ಸಹಿಸುತ್ತದೆ ಅಷ್ಟೆ. ನೀರು ಮಿತವಾಗಿದ್ದರೆ ವರ್ಷಗಟ್ಟಲೆ ನಿಲ್ಲುತ್ತದೆ. ಪೀಸ್ ಲಿಲಿ ಮಬ್ಬಿನಲ್ಲಿ ಎಲೆ ಚೆನ್ನಾಗಿ ಬಿಡುತ್ತದೆ, ಹೂವನ್ನು ಹೆಚ್ಚು ನಿರೀಕ್ಷಿಸಬೇಡಿ. ಕ್ರೋಟನ್, ತುಳಸಿ, ಸಣ್ಣೆಲೆಯ ಫೈಕಸ್ ಬೇಡವೇ ಬೇಡ. ಹಂಸರಾಜದಂಥ ನವಿರು ಜರಿಗಿಡಗಳು ನೆರಳು ಸಹಿಸಿದರೂ ಬೆಂಗಳೂರಿನ ಫೆಬ್ರವರಿ–ಮಾರ್ಚ್‌ನ ಒಣಗಾಳಿಗೆ ಅಂಚು ಸುಟ್ಟುಕೊಳ್ಳುತ್ತವೆ.

ನನ್ನ ಮನಸ್ಸಿನಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿರುವುದು ಆಸ್ಪಿಡಿಸ್ಟ್ರಾ. ಜಪಾನಿನ ದಕ್ಷಿಣದ ದ್ವೀಪಗಳ, ತೈವಾನಿನ ಕಾಡುನೆಲದ ಗಿಡ. ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನಲ್ಲಿ ದಪ್ಪ ಪರದೆ, ಕಲ್ಲಿದ್ದಲ ಮಸಿ, ಗ್ಯಾಸ್ ದೀಪದ ಹೊಗೆ ಎಲ್ಲವನ್ನೂ ತಡೆದುಕೊಂಡು ಮಧ್ಯಮವರ್ಗದ ಪಡಸಾಲೆಗಳಲ್ಲಿ ಬಾಳಿತು. ಎಷ್ಟರಮಟ್ಟಿಗೆ ಎಂದರೆ, ಜಾರ್ಜ್ ಆರ್ವೆಲ್ 1936ರ ತನ್ನ ಕಾದಂಬರಿಯ ಹೆಸರಿನಲ್ಲೇ ಅದನ್ನು ಆ ವರ್ಗದ ಗುರುತಾಗಿ ಇಟ್ಟ. ನೆಲದಿಂದ ನೇರವಾಗಿ ಏಳುವ ಅಗಲ ಎಲೆಗಳು. ನೇರಳೆ ಬಣ್ಣದ ಹೂ ಮಣ್ಣಿಗೆ ಅಂಟಿಕೊಂಡೇ ಅರಳುವುದರಿಂದ ಮನೆಯವರ ಕಣ್ಣಿಗೇ ಬೀಳದೆ ಹೋಗಬಹುದು. ಎಲ್ಲ ನರ್ಸರಿಗಳಲ್ಲೂ ಸಿಗುವುದಿಲ್ಲ. ಕಂಡರೆ ಬಿಡಬೇಡಿ.

ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ನರ್ಸರಿಗಳಿಗೆ ಹೋದಾಗ ಎಲೆ ನೋಡುವ ಮೊದಲು ಕುಂಡದ ತಳ ನೋಡಿ. ತೂತಿನಿಂದ ಬಿಳಿಯ ಗಟ್ಟಿ ಬೇರು ಇಣುಕಿದರೆ ಒಳ್ಳೆಯದು. ಕಂದು ಬೇರು, ಹುಳಿ ವಾಸನೆ ಇದ್ದರೆ ಅಲ್ಲೇ ಬಿಡಿ. ಎಲೆಯ ಕಂಕುಳಲ್ಲಿ ಹತ್ತಿಯಂಥ ಬಿಳಿ ಚುಕ್ಕೆ ಕಂಡರೆ ಅದು ಹಿಟ್ಟು ತಿಗಣೆ. ಕಪ್ಪು ಪಾಲಿಥೀನ್ ಚೀಲದ ಕೆಮ್ಮಣ್ಣು ಹೊರಗಿನ ಬೆಳಕಿಗೆ ಸರಿ, ಒಳಗೆ ಅದು ವಾರಗಟ್ಟಲೆ ಒದ್ದೆಯಾಗಿ ಉಳಿಯುತ್ತದೆ. ಒಂದು ಪಾಲು ಮಣ್ಣಿಗೆ ಒಂದು ಪಾಲು ಕೋಕೋಪೀಟ್, ಒಂದು ಪಾಲು ದಪ್ಪ ಮರಳು ಅಥವಾ ಇದ್ದಿಲ ಚೂರು, ಒಂದು ಹಿಡಿ ಎರೆಗೊಬ್ಬರ ಬೆರಸಿ ಮಣ್ಣು ಬದಲಿಸಿ. ನರ್ಸರಿಯ ಹಸಿರು ನೆಟ್ಟಿನಡಿಯಲ್ಲೂ ನಿಮ್ಮ ಕೋಣೆಯ ಹತ್ತಾರು ಪಟ್ಟು ಬೆಳಕಿರುತ್ತದೆ. ತಂದ ಕೂಡಲೇ ಮೂಲೆಗೆ ತಳ್ಳದೆ, ಎರಡು ವಾರ ಕಿಟಕಿಯ ಬಳಿ, ಇನ್ನೆರಡು ವಾರ ಸ್ವಲ್ಪ ಒಳಗೆ ಇಟ್ಟು ಒಗ್ಗಿಸಿ.

ನೀರಿಗೆ ವಾರ ಗೊತ್ತುಮಾಡಬೇಡಿ. ಬೆರಳನ್ನು ಎರಡು ಗಿಣ್ಣಿನವರೆಗೆ ಮಣ್ಣಿನೊಳಗೆ ಇಳಿಸಿ ನೋಡಿ, ತೇವ ತಾಕಿದರೆ ಸುಮ್ಮನಿರಿ. ಹಾಕುವಾಗ ತಳದಿಂದ ಇಳಿಯುವಷ್ಟು ಧಾರಾಳವಾಗಿ ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಬೋರ್‌ವೆಲ್‌ನ ಗಡಸು ನೀರು ಮಣ್ಣಿನ ಮೇಲೆ ಬಿಳಿ ಉಪ್ಪು ಕಟ್ಟಿ ಎಲೆತುದಿ ಕಂದಾಗಿಸುತ್ತದೆ. ಮಳೆಗಾಲದಲ್ಲಿ ಒಂದು ದಿನ ಕುಂಡವನ್ನು ಹೊರಗಿಟ್ಟು ಮಳೆನೀರಿನಲ್ಲಿ ತೊಳೆಯಲು ಬಿಡಿ. ಎಲೆಗಳನ್ನು ಹದಿನೈದು ದಿನಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಒರೆಸಿ. ಬರುವ ಅಷ್ಟಿಷ್ಟು ಬೆಳಕಿಗೂ ನಮ್ಮ ರಸ್ತೆ ಧೂಳು ಅಡ್ಡವಾಗುತ್ತದೆ. ಹೊಳಪಿನ ಎಣ್ಣೆ ಬೇಡ. ಅಗ್ಲೋನಿಮಾವನ್ನು ಡಿಸೆಂಬರಿನ ರಾತ್ರಿ ತೆರೆದ ಕಿಟಕಿಯಲ್ಲಿ ಬಿಡಬೇಡಿ, ಅದಕ್ಕೆ ಚಳಿ ಆಗದು.

ಗಾಳಿ ಶುದ್ಧಿಯಾಗುತ್ತದೆಂದು ಗಿಡ ತರುವವರೂ ಇದ್ದಾರೆ. ನಾಸಾದ 1989ರ ಪ್ರಯೋಗ ನಡೆದದ್ದು ಮುಚ್ಚಿದ ಪುಟ್ಟ ಪೆಟ್ಟಿಗೆಗಳಲ್ಲಿ. ಅಂಥ ಪ್ರಯೋಗಗಳನ್ನೆಲ್ಲ ಒಟ್ಟಾಗಿ ಪರಿಶೀಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಕಟ್ಟಡದಲ್ಲಿ ಸಹಜವಾಗಿ ಆಡುವ ಗಾಳಿ ಮಾಡುವಷ್ಟು ಕೆಲಸವನ್ನು ಗಿಡಗಳಿಂದ ಮಾಡಿಸಲು ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕು. ಗಾಳಿಗೆ ಕಿಟಕಿ ತೆರೆಯಿರಿ. ಗಿಡವನ್ನು ಗಿಡವೆಂದೇ ಪ್ರೀತಿಸಿ ತನ್ನಿ.

ಕೈ ನೆರಳೂ ಬೀಳದ ಮೂಲೆಗೆ ವಿಶೇಷ ನೇರಳೆ ದೀಪಗಳೇನೂ ಬೇಕಿಲ್ಲ. ಒಂಬತ್ತು ವ್ಯಾಟಿನ ಸಾಮಾನ್ಯ ಬಿಳಿ ಎಲ್‌ಇಡಿ ಬಲ್ಬು ಎಲೆಯಿಂದ ಒಂದಡಿ ಮೇಲಿದ್ದರೆ ಸಾವಿರ ಲಕ್ಸ್ ದಾಟುತ್ತದೆ. ಅದೇ ಬಲ್ಬನ್ನು ಎಲೆಯಿಂದ ಹತ್ತಡಿ ಮೇಲಿನ ಸೀಲಿಂಗಿಗೆ ಹಾಕಿದರೆ ದೂರ ಹತ್ತು ಪಟ್ಟಾಗಿ, ಬೆಳಕು ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಕಪಾಟಿನ ಹಲಗೆಯ ಅಡಿಗೇ ಬಲ್ಬು ಕೂರಿಸಿ. ದಿನಕ್ಕೆ ಹತ್ತರಿಂದ ಹನ್ನೆರಡು ಗಂಟೆ ಉರಿದರೆ ಸಾಕು; ಟೈಮರ್ ಪ್ಲಗ್ ಇದ್ದರೆ ಊರಿಗೆ ಹೋದಾಗಲೂ ಕೆಲಸ ಕೆಡುವುದಿಲ್ಲ. ದೀಪ ಹಾಕಿದ ಮೇಲೆ ಮಣ್ಣು ಮೊದಲಿಗಿಂತ ಬೇಗ ಒಣಗುತ್ತದೆ, ಬೆರಳಿಟ್ಟು ನೋಡುವ ದಿನಗಳನ್ನು ಅದಕ್ಕೆ ತಕ್ಕಂತೆ ಹತ್ತಿರ ಮಾಡಿಕೊಳ್ಳಿ.